ಸಂಸ್ಕೃತಿಗಳ ಕೊಡುಕೊಳೆ

ಎರಡು ಮನೆತನಗಳ ನಡುವಣ ಬೀಗತನವನ್ನು ನಮ್ಮ ಹಿರಿಯರು 'ಕೊಡುಕೊಳೆ' ಎಂದು ಕರೆದರು. ಬರಿಯ ಕೊಡುವಿಕೆಯಾಗಲಿ, ಬರಿಯ ಕೊಳ್ಳುವಿಕೆಯಾಗಲಿ ಅಲ್ಲಿ ಸಲ್ಲದು. ಎರಡು ಸಂಸ್ಕೃತಿಗಳು ಸಂಧಿಸಿದಾಗ ಏನಾಗುತ್ತದೆ? ಈ ಪ್ರಶ್ನೆಯನ್ನು ಆಳವಾಗಿ ಚಿಂತಿಸಿದವರಲ್ಲಿ ಕ್ಯೂಬಾ ದ್ವೀಪದ ವಿದ್ವಾಂಸ ಫರ್ನಾಂಡೊ ಓರ್ಟಿಜ್ (1881–1969) ಪ್ರಮುಖರು.

ಆಗಿನ ಮಾನವಶಾಸ್ತ್ರಜ್ಞರು ಬಳಸುತ್ತಿದ್ದ ಪದ 'ಅಕಲ್ಚರೇಶನ್'. ದುರ್ಬಲರು ಪ್ರಬಲರ ನಡೆನುಡಿಗಳನ್ನು ಸ್ವೀಕರಿಸುವುದಷ್ಟೇ ಎಂಬ ಭಾವಕ್ಕೆ ಅದು ಎಡೆಗೊಡುತ್ತಿತ್ತು. ಓರ್ಟಿಜ್ ಇದನ್ನು ಒಪ್ಪಲಿಲ್ಲ. ಹೊಗೆಸೊಪ್ಪು ಹಾಗೂ ಸಕ್ಕರೆಗಳನ್ನು ಕುರಿತು 1940ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು 'ಟ್ರಾನ್ಸ್‌ಕಲ್ಚರೇಶನ್' ಎಂಬ ಹೊಸ ಪದವನ್ನು ಮುಂದಿಟ್ಟರು. ಮಲಿನೋವ್‌ಸ್ಕಿಯವರಂಥ ಹೆಸರಾಂತ ಮಾನವಶಾಸ್ತ್ರಜ್ಞರು ಅದಕ್ಕೆ ಮುನ್ನುಡಿ ಬರೆದು ಆ ಪದವನ್ನು ಸ್ವಾಗತಿಸಿದರು.

ಈ ಪದದಲ್ಲಿ ಮೂರು ಸಂಗತಿಗಳು ಅಡಕವಾಗಿವೆ: ತನ್ನದನ್ನು ಕಳೆದುಕೊಳ್ಳುವುದು, ಅನ್ಯರದನ್ನು ಪಡೆಯುವುದು, ಎರಡರಿಂದಲೂ ಹೊಸದೊಂದು ಹುಟ್ಟುವುದು. ಮಗುವಿನಲ್ಲಿ ತಾಯಿತಂದೆಗಳಿಬ್ಬರ ಅಂಶವಿದ್ದರೂ ಅದು ಇಬ್ಬರಿಗಿಂತಲೂ ಬೇರೆಯೇ ಆಗಿರುವಂತೆ ಎಂದು ಓರ್ಟಿಜ್ ವಿವರಿಸಿದರು.

ಅವರ ನಾಡೇ ಇದಕ್ಕೆ ನಿದರ್ಶನ. ಹೊಗೆಸೊಪ್ಪು ಅಲ್ಲಿನ ಮೂಲನಿವಾಸಿಗಳದು; ಕಬ್ಬು ಸ್ಪೇನಿನವರು ತಂದದ್ದು. ಆ ಕಬ್ಬಿನ ತೋಟಗಳಲ್ಲಿ ದುಡಿಯಲೆಂದು ಆಫ್ರಿಕದವರನ್ನು ಗುಲಾಮರನ್ನಾಗಿ ಹಿಡಿದು ತಂದರು. 1847ರಿಂದ ಚೀನೀ ಕೂಲಿಗಳೂ ಬಂದರು. ಗುಲಾಮಗಿರಿ ಅಳಿದದ್ದು 1886ರಲ್ಲಿ. ಹೀಗಿದ್ದರೂ ಆಫ್ರಿಕದ ತಾಳ, ಸ್ಪೇನಿನ ತಂತಿವಾದ್ಯ ಕೂಡಿ ಕ್ಯೂಬಾದ ಸಂಗೀತವಾಯಿತು.

ಆದರೆ ಒಂದನ್ನು ನಾವು ಮರೆಯಬಾರದು. ವಿನಿಮಯ ನಡೆಯಿತೆಂದ ಮಾತ್ರಕ್ಕೆ ನ್ಯಾಯ ನಡೆಯಿತೆಂದಲ್ಲ. 1492ರಲ್ಲಿ ಕೊಲಂಬಸ್ ಬಂದ ಬಳಿಕ ಕೆಲವೇ ದಶಕಗಳಲ್ಲಿ ಅಲ್ಲಿನ ತೈನೋ ಜನರಲ್ಲಿ ಬಹುಪಾಲು ಮಂದಿ ರೋಗ, ಹಿಂಸೆ, ದುಡಿಮೆಗಳಿಗೆ ಬಲಿಯಾದರು. ಅವರ ನುಡಿಯ 'ಬಟಾಟ' ಎಂಬ ಗೆಣಸಿನ ಹೆಸರು ಪೋರ್ಚುಗೀಸರ ಮೂಲಕ ಬಂದು, ಇಂದಿಗೂ ನಮ್ಮ ಅಡುಗೆಮನೆಗಳಲ್ಲಿ 'ಬಟಾಟಿ'ಯಾಗಿ ಉಳಿದಿದೆ. ಅಮೆರಿಕ ಖಂಡದ್ದೇ ಆದ ಇನ್ನೊಂದು ಕಾಯಿಗೆ ನಾವು ನಮ್ಮ ಹಳೆಯ 'ಮೆಣಸಿ'ನ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದೆವು. ಮೊದಲನೆಯದು ಕೊಂಡ ಹೆಸರು, ಎರಡನೆಯದು ಕೊಟ್ಟ ಹೆಸರು.

ನಮ್ಮ ಮಕ್ಕಳು ಇಂದು ದೂರದೇಶಗಳಲ್ಲಿ ನೆಲೆಸುತ್ತಿದ್ದಾರೆ. ಅವರು ಕೆಟ್ಟರೆಂದು ಮರುಗುವುದೂ ಬೇಡ, ಬದಲಾಗಲೇ ಇಲ್ಲವೆಂದು ಬೀಗುವುದೂ ಬೇಡ. ಏನನ್ನು ಕಳೆದುಕೊಂಡೆವು, ಏನನ್ನು ಪಡೆದೆವು, ಏನನ್ನು ಕೊಟ್ಟೆವು ಎಂಬ ಮೂರು ಪ್ರಶ್ನೆಗಳನ್ನು ಮನೆಮಂದಿಯೆಲ್ಲ ಕೂಡಿ ಕೇಳಿಕೊಳ್ಳೋಣ. ಕೊಡಲು ನಮ್ಮಲ್ಲಿ ಏನಾದರೂ ಉಳಿದಿದ್ದರೆ ತಾನೆ ಅದು ಕೊಡುಕೊಳೆ?