ಪರ್ಸಿಗೊಪ್ಪುವ ಚಾಕು
ಪರ್ಸಿನಲ್ಲಿ ಚಾಕುವೊಂದನ್ನು ಸದಾ ಇರಿಸಬಯಸುವವರು ಅಲಗಿನ ಹರಿತಕ್ಕೂ ಮೊದಲು ದಪ್ಪವನ್ನೇ ಪರೀಕ್ಷಿಸತಕ್ಕದ್ದು. ಏಕೆಂದರೆ ಎಟಿಎಂ ಕಾರ್ಡಿನ ದಪ್ಪ ಕೇವಲ 0.76 ಮಿಲಿಮೀಟರಾಗಿರಲು, ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಸಂಸ್ಥೆಯ ಸುಪ್ರಸಿದ್ಧ 58 ಮಿಲಿಮೀಟರಿನ ಕ್ಲಾಸಿಕ್ ಚಾಕು ಸಹ, ಪ್ಲಾಸ್ಟಿಕ್ ಹಿಡಿಯದಾದರೆ ಸುಮಾರು 9, ಅಲ್ಯೂಮಿನಿಯಂ ಹಿಡಿಯದಾದರೆ ಸುಮಾರು 6 ಮಿಲಿಮೀಟರು ದಪ್ಪವಿದ್ದು, ಕುಳಿತಾಗಲೆಲ್ಲ ತನ್ನ ಅಸ್ತಿತ್ವವನ್ನು ಸಾರದೆ ಬಿಡದು. ಅಲ್ಯೂಮಿನಿಯಮ್ಮಿನದೇ ನನ್ನ ಆಯ್ಕೆ.

ಕೊಳ್ಳುವಾಗ, ಉಗುರು ಸಿಕ್ಕಿಸುವ ಗೀರಿನಿಂದ ಅಲಗನ್ನು ಮೆಲ್ಲನೆಳೆದು ಸ್ಪ್ರಿಂಗಿನ ಬಿಗುವನ್ನರಿಯಿರಿ: ಸಡಿಲವಾದುದು ಪರ್ಸಿನೊಳಗೇ ತೆರೆದುಕೊಂಡು ಚರ್ಮವನ್ನೂ, ಅದಕ್ಕಿಂತ ಪ್ರಿಯವಾದ ನೋಟುಗಳನ್ನೂ ಸೀಳೀತು. ಬೆವರಿನ ತೇವಕ್ಕೆ ಸುಲಭವಾಗಿ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕೇ ಲೇಸು. ವಿಮಾನಯಾನದ ದಿನ ಮಾತ್ರ, ಭದ್ರತಾ ತಪಾಸಣೆಯಲ್ಲಿ ಅದನ್ನು ಕಳೆದುಕೊಳ್ಳುವ ಪ್ರಸಂಗ ಬಾರದಂತೆ, ಚೆಕ್‌-ಇನ್ ಪೆಟ್ಟಿಗೆಯಲ್ಲಿಡುವುದು ಅಥವಾ ಮನೆಯಲ್ಲೇ ಬಿಟ್ಟುಹೋಗುವುದು ಉಚಿತ.