ಹುಟ್ಟಿದ ನೆಲ, ಹುಟ್ಟಿದ ತಾರೀಖು

1987ರ ಜೂನ್ 30ರಂದು ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನಲ್ಲಿ ಹುಟ್ಟಿದ ಮಗು ಕಾನೂನಿನ ಪ್ರಕಾರ ಭಾರತದ ಪ್ರಜೆ. ಮರುದಿನ ಪಕ್ಕದ ಮನೆಯಲ್ಲೊಂದು ಮಗು ಹುಟ್ಟಿತೆನ್ನಿ. ಅದರ ಅಪ್ಪ ಅಮ್ಮ ಇಬ್ಬರೂ ಟಿಬೆಟಿನಿಂದ ಗಡಿ ದಾಟಿ ಬಂದವರಾಗಿದ್ದರೆ ಆ ಮಗು ವಿದೇಶಿ. ಎರಡೂ ಮಕ್ಕಳು ಓದುವ ಶಾಲೆ ಒಂದೇ, ಸಾಮಾನು ತರಲು ಹೋಗುವ ಕುಶಾಲನಗರ ಒಂದೇ.

1955ರ ಪೌರತ್ವ ಕಾಯ್ದೆ ಮೊದಲಿಗೆ ಬಹಳ ಉದಾರವಾಗಿತ್ತು. 1950ರ ಜನವರಿ 26ರಿಂದ ಈಚೆಗೆ ಭಾರತದ ನೆಲದಲ್ಲಿ ಹುಟ್ಟಿದ್ದರೆ ಸಾಕು, ಹೆತ್ತವರು ಯಾವ ದೇಶದವರೆಂದು ಅದು ಕೇಳುತ್ತಿರಲಿಲ್ಲ. ವಿದೇಶಿ ರಾಯಭಾರಿಗಳ ಮಕ್ಕಳಂಥ ಕೆಲವರಿಗಷ್ಟೇ ಇದು ಅನ್ವಯಿಸುತ್ತಿರಲಿಲ್ಲ. ಅಕ್ರಮ ವಲಸೆಯ ವಿರುದ್ಧ ನಡೆದ ಅಸ್ಸಾಂ ಚಳವಳಿ ಮತ್ತು 1985ರ ಅಸ್ಸಾಂ ಒಪ್ಪಂದದ ಬೆನ್ನಿಗೇ ಕಾಯ್ದೆಗೆ ತಿದ್ದುಪಡಿಯಾಯಿತು. 1987ರ ಜುಲೈ 1ರಿಂದ ಹುಟ್ಟುವವರಿಗೆ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕಾಯಿತು. 2004ರ ಡಿಸೆಂಬರ್ 3ರಿಂದ ಹಿಡಿತ ಇನ್ನೂ ಬಿಗಿಯಾಯಿತು: ಇಬ್ಬರೂ ಭಾರತೀಯರಾಗಿರಬೇಕು, ಒಬ್ಬರೇ ಆಗಿದ್ದರೆ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಮುಂಡಗೋಡಿನ ಟಿಬೆಟಿಯನ್ ಕ್ಯಾಂಪಿನಲ್ಲಿ 1968ರಲ್ಲಿ ಹುಟ್ಟಿದ ಹೆಂಗಸು ಭಾರತೀಯಳು. ಹಾಗಾದರೆ 1995ರಲ್ಲಿ ಅವಳಿಗೆ ಹುಟ್ಟಿದ ಮಗನೂ ಭಾರತೀಯನೇ. ಅವಳ ಹಕ್ಕನ್ನು ಒಪ್ಪದಿದ್ದರೆ ಮಗನ ಹಕ್ಕೂ ಕೈತಪ್ಪುತ್ತದೆ. ದಶಕಗಳ ಕಾಲ ಆದದ್ದು ಅದೇ. ಇಲ್ಲೇ ಹುಟ್ಟಿದ ಟಿಬೆಟಿಯನ್ನರನ್ನೂ ಸರ್ಕಾರ ವಿದೇಶಿಯರೆಂದೇ ನೋಂದಾಯಿಸುತ್ತ ಬಂತು. ಹದಿನಾರು ದಾಟಿದವರ ಕೈಗೆ ‘ಆರ್‌ಸಿ’ ಎಂಬ ನೋಂದಣಿ ಪುಸ್ತಕ ಬರುತ್ತದೆ. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ವಿದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿನ ಬದಲು ಹಳದಿ ಬಣ್ಣದ ಗುರುತಿನ ಪುಸ್ತಕ.

ಇದನ್ನು ಪ್ರಶ್ನಿಸಿದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2010ರಲ್ಲಿ ಕಾಯ್ದೆಯ ಮಾತನ್ನೇ ಎತ್ತಿ ಹಿಡಿಯಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದೇ ದಾರಿ ಹಿಡಿದು, 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎಂದಿತು. ಹುಟ್ಟಿನಿಂದ ಬಂದ ಪೌರತ್ವ ಸರ್ಕಾರದ ಕೃಪೆಯಲ್ಲ, ಅದಕ್ಕೆ ಅರ್ಜಿಯೂ ಬೇಕಿಲ್ಲ ಎಂಬುದೇ ಈ ತೀರ್ಪುಗಳ ತಿರುಳು. 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಆದರೆ ಪಾಸ್‌ಪೋರ್ಟ್ ಬಯಸುವವರಿಗೆ 2017ರಲ್ಲಿ ಷರತ್ತುಗಳು ಬಂದವು. ಆರ್‌ಸಿ ಒಪ್ಪಿಸಬೇಕು, ದೇಶಭ್ರಷ್ಟ ಟಿಬೆಟಿಯನ್ ಆಡಳಿತದ ಸವಲತ್ತು ತೊರೆಯಬೇಕು, ಕ್ಯಾಂಪನ್ನೇ ಬಿಡಬೇಕು. ಹುಟ್ಟಿನ ಹಕ್ಕಿಗೆ ಮನೆಯನ್ನು ಬೆಲೆಯಾಗಿ ಕೇಳುವುದು ನ್ಯಾಯವೆನಿಸುವುದಿಲ್ಲ.

ಪೌರತ್ವದಿಂದ ಸಿಗುವುದೇನು? ಸಂವಿಧಾನ ಎರಡು ಬಗೆಯಲ್ಲಿ ಮಾತಾಡುತ್ತದೆ. ಕಾನೂನಿನ ಮುಂದೆ ಸಮಾನತೆ ಕೊಡುವ 14ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯ ಕಾಯುವ 21ನೇ ವಿಧಿ, ಧರ್ಮ ಪಾಲಿಸಲು ಬಿಡುವ 25ನೇ ವಿಧಿ ಈ ನೆಲದ ಮೇಲಿರುವ ಎಲ್ಲರಿಗೂ ಸೇರಿದವು. ಬೈಲಕುಪ್ಪೆಯ ವಿದೇಶಿಗೂ ಅವು ಉಂಟು. ಮಾತು, ಸಂಘಟನೆ, ದೇಶದಲ್ಲೆಲ್ಲಾದರೂ ನೆಲೆಸಿ ದುಡಿಯುವ ಸ್ವಾತಂತ್ರ್ಯ ಕೊಡುವ 19ನೇ ವಿಧಿ ಮತ್ತು ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶದ 16ನೇ ವಿಧಿ ಪ್ರಜೆಗಳಿಗೆ ಮಾತ್ರ. ಮತವೂ ಅಷ್ಟೇ.

ಬೈಲಕುಪ್ಪೆಯಿಂದ ಹೊರಟು ಕೊಡಗಿನ ಆಚೆ ಬದಿಗೆ ಇಳಿದರೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಇನ್ನೊಂದು ಕಥೆ ಇದೆ. ಸಿಲೋನಿನ (ಇಂದಿನ ಶ್ರೀಲಂಕಾ) ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿದ ತಮಿಳರನ್ನು ಅಲ್ಲಿನ 1948ರ ಪೌರತ್ವ ಕಾನೂನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತ್ತು. 1964ರಲ್ಲಿ ಎರಡೂ ದೇಶಗಳ ಪ್ರಧಾನಿಗಳಾದ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಪ್ಪಂದಕ್ಕೆ ಬಂದರು. 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದ 1,50,000 ಜನರ ಮಾತು ಆಮೇಲೆ. ಮನುಷ್ಯರನ್ನು ಹೀಗೆ ಲೆಕ್ಕ ಹಾಕಿ ಹಂಚಿಕೊಂಡದ್ದು ಮನಸ್ಸನ್ನು ಕಲಕುವಂಥದ್ದು. ಹಾಗೆ ಬಂದವರಲ್ಲಿ ಕೆಲವರಿಗೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಕೆಲಸ ಸಿಕ್ಕಿತು.

ಇನ್ನು ಒಂದು ಪ್ರದೇಶವೇ ಭಾರತಕ್ಕೆ ಬಂದು ಸೇರಿದಾಗ ಅರ್ಜಿಯಿಲ್ಲದೆ ಪೌರತ್ವ ದಕ್ಕುತ್ತದೆ. ಪೋರ್ಚುಗೀಸರಿಂದ ಬಿಡುಗಡೆಯಾದ ಗೋವದವರಿಗೆ 1962ರ ಆದೇಶದಿಂದ, ಸಿಕ್ಕಿಮಿನವರಿಗೆ 1975ರ ಆದೇಶದಿಂದ ಹಾಗೆ ದಕ್ಕಿತು. ಬೇರೆ ದೇಶದಿಂದ ಬಂದು ಭಾರತೀಯರಾಗಲು ಬಯಸುವವರಿಗೆ ಹಾದಿ ಉದ್ದದ್ದು. ಸಾಮಾನ್ಯವಾಗಿ ಹನ್ನೆರಡು ವರ್ಷದ ವಾಸ, ಒಳ್ಳೆಯ ನಡತೆ, ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆಯ ತಿಳಿವಳಿಕೆ ಬೇಕು. ಆ ಅನುಸೂಚಿಯಲ್ಲಿ ಕನ್ನಡವಿದೆ. ಕನ್ನಡ ಬಲ್ಲ ವಿದೇಶಿ ಹಿಂದಿ ಬಾರದೆಯೂ ಭಾರತೀಯನಾಗಬಹುದು. ಇದು ಹಲವರಿಗೆ ಗೊತ್ತೇ ಇಲ್ಲ.

ಪೌರತ್ವ ಕಳೆದುಕೊಳ್ಳುವುದು ಗಳಿಸುವುದಕ್ಕಿಂತ ಸುಲಭ. ತಾನಾಗಿ ಬೇರೆ ದೇಶದ ಪೌರತ್ವ ಪಡೆದ ಗಳಿಗೆಯಲ್ಲೇ ಭಾರತದ ಪೌರತ್ವ ಹೋಗುತ್ತದೆ, ಇಲ್ಲಿ ಎರಡು ದೇಶಗಳ ಪೌರತ್ವಕ್ಕೆ ಜಾಗವಿಲ್ಲ. ಅಮೆರಿಕದ ಪ್ರಜೆಯಾದ ಕನ್ನಡಿಗರು ಪಡೆಯುವ ‘ಒಸಿಐ’ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡಿನ ಹೆಸರಿನಲ್ಲಿ ಪೌರತ್ವವಿದ್ದರೂ ಅದು ಮುಖ್ಯವಾಗಿ ಜೀವಮಾನದ ವೀಸಾ. ಅದನ್ನು ಹಿಡಿದು ಎಷ್ಟು ದಿನವಾದರೂ ಮಡಿಕೇರಿಯಲ್ಲಿ ಇರಬಹುದು, ಮತ ಹಾಕುವಂತಿಲ್ಲ. ಅಪ್ಪನ ಕಾಫಿ ತೋಟ ಪಾಲಿಗೆ ಬಂದರೆ ಉಳಿಸಿಕೊಳ್ಳಬಹುದು. ಬೇಲಿಯಾಚೆಯ ತೋಟ ಮಾರಾಟಕ್ಕಿದ್ದರೆ ಕೊಳ್ಳುವಂತಿಲ್ಲ.