ಮೊದಲ ಮ್ಯಾಚು ಯಾರ ಪಾಲಿಗೆ?

"ಈ ಸಲ ನಮ್ಮ ಕಾಲೇಜಿನ ಹುಡುಗ್ರು ಮೊದಲ ಮ್ಯಾಚ್ ಗೆಲ್ಲೂದಿಲ್ಲ ಬಿಡ್ರಿ."

ಹಳಿಯಾಳದ ಕಡೆಯ ಚಹಾದಂಗಡಿಯೊಂದರಲ್ಲಿ ಇಂಥದೊಂದು ಮಾತು ಬಿದ್ದರೆ ಸಾಕು, ಮುಂದಿನ ಅರ್ಧ ತಾಸು ಬೆಂಚಿನಿಂದ ಯಾರೂ ಏಳುವುದಿಲ್ಲ. ಚಹಾ ಆರುತ್ತದೆ. ಬಸ್ಸು ಬಂದು ಹೋಗುತ್ತದೆ. "ಯಾಕ್ರಿ ಗೆಲ್ಲೂದಿಲ್ಲ? ಹೋದ ವರ್ಷ ನೀವು ಹಿಂಗ ಅಂದಿದ್ರಿ" ಎಂದು ಮೂಲೆಯಿಂದ ಒಂದು ದನಿ. "ಹೋದ ವರ್ಷದ ಗೋಲ್‌ಕೀಪರ್ ಎಲ್ಲಿದ್ದಾನ ಈಗ? ಡಿಗ್ರಿ ಮುಗಿಸಿ ಹುಬ್ಬಳ್ಳಿಗೆ ಹೋದ" ಎಂದು ಇನ್ನೊಂದು. ಆಮೇಲೆ ಮಾತಿಗೆ ಕಡಿವಾಣವಿಲ್ಲ.

ಯಾವ ಕಾಲೇಜು ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಉಳಿದ ಕಾಲೇಜುಗಳ ಅಭಿಮಾನಿಗಳು ಸಂಪಾದಕರಿಗೆ ಪತ್ರ ಬರೆದಾರು! ಅಲ್ಲದೆ ವಾದವೇನೂ ಒಂದೇ ಊರಿನದಲ್ಲ. ಉತ್ತರ ಕನ್ನಡದ ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ನಾಲ್ಕೂ ತಾಲ್ಲೂಕುಗಳ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಮಳೆ ಹಿಂದೆ ಸರಿದು ಮೈದಾನ ಕಾಲು ಹಿಡಿಯುವುದನ್ನು ಬಿಟ್ಟಮೇಲೆ ಅಂತರ್ ಕಾಲೇಜು ಆಟಗಳ ಮಾತು ಶುರುವಾಗುತ್ತದೆ. ಊರಿನಲ್ಲೊಂದು ತಂಡವಿದ್ದರೆ ಅದರ ಮೊದಲ ಮ್ಯಾಚಿನ ಬಗ್ಗೆ ಭವಿಷ್ಯ ಹೇಳುವವರು ಹತ್ತು ಜನ ಇದ್ದೇ ಇರುತ್ತಾರೆ.

ಮಕ್ಕಳೇ, ಕಾಲೇಜು ತಂಡದ ಬಗ್ಗೆ ಭವಿಷ್ಯ ಹೇಳುವುದು ಯಾಕೆ ಕಷ್ಟ ಗೊತ್ತೆ? ದೊಡ್ಡ ಕ್ಲಬ್ ಆಗಿದ್ದರೆ ಒಳ್ಳೆಯ ಆಟಗಾರನನ್ನು ಹಣ ಕೊಟ್ಟು ಎಷ್ಟೋ ವರ್ಷ ಇಟ್ಟುಕೊಳ್ಳಬಹುದು. ಕಾಲೇಜಿನಲ್ಲಿ ಹಾಗಿಲ್ಲ. ಮೂರು ವರ್ಷ ಓದಿದ, ಪಾಸಾದ, ಹೋದ. ಅವನ ಜಾಗಕ್ಕೆ ಪಿಯುಸಿ ಮುಗಿಸಿ ಬಂದ ಹೊಸ ಹುಡುಗ. ಹನ್ನೊಂದು ಜನರಲ್ಲಿ ನಾಲ್ಕೈದು ಮಂದಿ ಪ್ರತಿ ವರ್ಷ ಹೊಸಬರೇ. ಬಳಗ ಅದೇ, ಬಾವಿ ಅದೇ, ನೀರು ಮಾತ್ರ ಹೊಸದು. ಮೊದಲ ಮ್ಯಾಚು ಆಡುವ ತನಕ ಆ ನೀರಿನ ರುಚಿ ಯಾರಿಗೂ ತಿಳಿಯದು, ತರಬೇತಿ ಕೊಡುವ ಮೇಷ್ಟ್ರಿಗೂ ಕೂಡ.

ಹಳಿಯಾಳದವರು ಈ ವಾದವನ್ನು ಕುಸ್ತಿಯ ಕಣ್ಣಿನಿಂದ ನೋಡುತ್ತಾರೆ. ಅದು ಪೈಲ್ವಾನರ ಊರು. ಸರಕಾರದ ಕುಸ್ತಿ ಕ್ರೀಡಾನಿಲಯ ಇರುವ ಊರು, ಹೆಣ್ಣುಮಕ್ಕಳೂ ಅಖಾಡಕ್ಕೆ ಇಳಿಯುವ ಊರು. ಕುಸ್ತಿ ನೋಡಿ ಬೆಳೆದ ಅಜ್ಜಂದಿರಿಗೆ ಆಟಗಾರನ ಕಾಲು ಮೊದಲು ಕಾಣುತ್ತದೆ, ಚೆಂಡು ಆಮೇಲೆ. "ಆ ಹುಡುಗನ ಮೀನಖಂಡ ನೋಡು. ಎಪ್ಪತ್ತು ಮಿನಿಟ್ ಆದಮ್ಯಾಲೆ ಓಡಾಕ ಆಗೂದಿಲ್ಲ ಅವಗ" ಎಂದು ಮುಂಡಾಸು ಸರಿಮಾಡಿಕೊಳ್ಳುತ್ತ ಹೇಳುತ್ತಾರೆ. ತಮಾಷೆ ಅನ್ನಿಸಿದರೂ ಆ ಮಾತಿನಲ್ಲಿ ತಥ್ಯವಿದೆ. ಫುಟ್‌ಬಾಲ್ ಪೂರ್ಣ ಆಟ 90 ನಿಮಿಷ. ಮಳೆಗಾಲವಿಡೀ ಓಡದೆ ಕೂತ ಕಾಲುಗಳು ಮೊದಲ ಮ್ಯಾಚಿನ ಕೊನೆಯ ಭಾಗದಲ್ಲಿ ಸೋಲುವುದೇ ಹೆಚ್ಚು. ಕುಸ್ತಿಯ ಪಟ್ಟು ಬಲ್ಲವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ದಾಂಡೇಲಿಯ ಬೆಂಚಿನ ಮಾತು ಬೇರೆ ತರಹ. ಅಲ್ಲಿ 1955ರಲ್ಲಿ ಸ್ಥಾಪನೆಯಾದ ಕಾಗದದ ಗಿರಣಿ ಇದೆ. ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಬಂದ ಕುಟುಂಬಗಳು ಕನ್ನಡ, ಮರಾಠಿ, ಕೊಂಕಣಿ, ಉರ್ದು, ಹಿಂದಿ ಎಲ್ಲವನ್ನೂ ಬೆರೆಸಿ ಮಾತಾಡುತ್ತವೆ. ಪಾಳಿ ಮುಗಿಸಿ ಬಂದವರಿಗೆ ಲೆಕ್ಕ ಬೇಕು: ಹೋದ ವರ್ಷ ಎಷ್ಟು ಗೋಲು, ಎದುರಿನ ತಂಡದಲ್ಲಿ ಹಳಬರು ಎಷ್ಟು. ಜೋಯಿಡಾಕ್ಕೆ ಬಂದರೆ ಗೋವೆಯ ಗಾಳಿ. ಕ್ಯಾಸಲ್‌ರಾಕ್ ದಾಟಿದ ರೈಲು ದೂಧಸಾಗರದ ಮಗ್ಗುಲಿಂದ ಗೋವೆಗೆ ಇಳಿಯುತ್ತದೆ. ಗೋವೆಯಲ್ಲಿ ಫುಟ್‌ಬಾಲ್ ಎಂದರೆ ಊಟದಷ್ಟೇ ಸಹಜ. ಅಲ್ಲಿನ ಡೆಂಪೊ ತಂಡ ರಾಷ್ಟ್ರೀಯ ಲೀಗನ್ನು ಐದು ಸಲ ಗೆದ್ದಿದೆ. ಗೋವೆಯಲ್ಲಿ ನೆಂಟರಿರುವ ಜೋಯಿಡಾದ ಹುಡುಗನಿಗೆ ನಮ್ಮ ಕಾಲೇಜಿನ ಆಟ ಯಾವಾಗಲೂ ಸ್ವಲ್ಪ ಸಪ್ಪೆ!

ಇನ್ನು ಮುಂಡಗೋಡ. ಇಲ್ಲಿ ಸ್ವಲ್ಪ ನಿಲ್ಲೋಣ.

1960ರ ದಶಕದಲ್ಲಿ ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ಮುಂಡಗೋಡದ ಬಳಿ ನೆಲೆ ಸಿಕ್ಕಿತು. ಆಗ ಎಸ್. ನಿಜಲಿಂಗಪ್ಪನವರು ನಮ್ಮ ರಾಜ್ಯದ ಮುಖ್ಯಮಂತ್ರಿ. ಹಿಮದ ನಾಡಿನವರು ಕಾಡು ಕಡಿದು ಗೋವಿನಜೋಳ ಬೆಳೆದರು, ಡ್ರೆಪುಂಗ್, ಗಾದೆನ್ ಮಠಗಳನ್ನು ಮತ್ತೆ ಕಟ್ಟಿದರು. ಚಳಿಗಾಲದಲ್ಲಿ ನಮ್ಮ ಪೇಟೆಗಳಲ್ಲಿ ಸ್ವೆಟರ್ ಮಾರುವವರು ಇದೇ ಜನ. ಜತೆಗೆ ಅವರು ಫುಟ್‌ಬಾಲನ್ನೂ ಬಲು ಪ್ರೀತಿಯಿಂದ ಆಡುತ್ತಾರೆ. ದಲೈ ಲಾಮಾ ಅವರ ತಾಯಿ 1981ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಅದೇ ವರ್ಷ ಟಿಬೆಟಿಯನ್ನರ 'ಗ್ಯಾಲ್ಯುಮ್ ಚೆನ್ಮೊ' ಚಿನ್ನದ ಕಪ್ ಫುಟ್‌ಬಾಲ್ ಪಂದ್ಯಾವಳಿ ಆರಂಭವಾಯಿತು. ಆ ಹೆಸರಿನ ಅರ್ಥ 'ಮಹಾತಾಯಿ'. ಬೇರೆ ಬೇರೆ ಊರುಗಳ ಟಿಬೆಟಿಯನ್ ನೆಲೆಗಳು ತಂತಮ್ಮ ತಂಡ ಕಟ್ಟಿಕೊಂಡು ಬರುತ್ತವೆ. ಬೈಲುಕುಪ್ಪೆಗೂ ಮುಂಡಗೋಡಕ್ಕೂ ನಡುವೆ ಎಷ್ಟೋ ತಾಸಿನ ದಾರಿ. ಆದರೂ "ಯಾರ ತಂಡ ಜೋರು?" ಎಂಬ ವಾದಕ್ಕೆ ದೂರ ಅಡ್ಡಿಯಿಲ್ಲ.

2001ರ ಜೂನ್ 30ರಂದು ಟಿಬೆಟಿಯನ್ನರ ತಂಡ ದೂರದ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ ಆಡಿತು. ಎರಡೂ ತಂಡಗಳು ವಿಶ್ವ ಫುಟ್‌ಬಾಲ್ ಸಂಸ್ಥೆಯ ಸದಸ್ಯರಲ್ಲ. ಒಬ್ಬರದು ಹಿಮದ ದ್ವೀಪ, ಇನ್ನೊಬ್ಬರದು ಬಿಟ್ಟು ಬಂದ ಹಿಮದ ನಾಡು. ಟಿಬೆಟ್ 4-1ರಿಂದ ಸೋತಿತು. ಅಂತರರಾಷ್ಟ್ರೀಯ ಅಂಗಳದಲ್ಲಿ ಅದು ಅವರ ಮೊದಲ ಮ್ಯಾಚು. ಸೋತರೇನು, ಆ ಒಂದು ಗೋಲಿನ ಮಾತು ಉಳಿಯಿತಲ್ಲ. ಸೋಲಿನಿಂದ ಅವರ ಆಟವೂ ನಿಲ್ಲಲಿಲ್ಲ. 2018ರಲ್ಲಿ ಲಂಡನ್ನಿನಲ್ಲಿ ನಡೆದ, ಇಂಥದೇ ಸದಸ್ಯರಲ್ಲದ ತಂಡಗಳ ವಿಶ್ವಕಪ್ಪಿಗೂ ಹೋಗಿಬಂದರು.

ಈಗ ಚಹಾದಂಗಡಿಗೆ ಮರಳಿ. ಮೊದಲ ಮ್ಯಾಚಿಗೆ ಎಷ್ಟು ಬೆಲೆ ಕೊಡಬೇಕು ಎಂಬಲ್ಲಿ ಎರಡು ಪಕ್ಷ.

"ಮೊದಲ ಮ್ಯಾಚ್ ಸೋತ್ರ ಆಕಾಶ ಬೀಳ್ತದೇನು?" ಎನ್ನುವ ಪಕ್ಷದವರ ಕೈಯಲ್ಲಿ ಒಳ್ಳೊಳ್ಳೆಯ ಪುರಾವೆಗಳಿವೆ. 2022ರ ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾ ಮೊದಲ ಮ್ಯಾಚನ್ನು ಸೌದಿ ಅರೇಬಿಯಾ ಎದುರು 1-2ರಿಂದ ಸೋತಿತು. ಅದಕ್ಕೂ ಹಿಂದಿನ 36 ಮ್ಯಾಚುಗಳಲ್ಲಿ ಸೋಲು ಕಾಣದಿದ್ದ ತಂಡ ಅದು! ಮೆಸ್ಸಿಯ ಮುಖ ನೋಡಲಾಗದೆ ಎಷ್ಟೋ ಮನೆಯ ಮಕ್ಕಳು ಟಿವಿ ಆರಿಸಿದರು. ಒಂದು ತಿಂಗಳು ತುಂಬುವುದರೊಳಗೆ ಅದೇ ತಂಡ ಕಪ್ ಎತ್ತಿ ಹಿಡಿಯಿತು. 2010ರಲ್ಲಿ ಸ್ಪೇನ್ ಕೂಡ ಮೊದಲ ಮ್ಯಾಚಿನಲ್ಲಿ ಸ್ವಿಟ್ಜರ್ಲೆಂಡ್ ಎದುರು 0-1ರಿಂದ ಸೋತು, ಕೊನೆಗೆ ವಿಶ್ವಕಪ್ ಗೆದ್ದಿತು.

ನಮ್ಮ ನಾಡಿನದೇ ಉದಾಹರಣೆ ಬೇಕೆ? 2013ರಲ್ಲಿ ಬೆಂಗಳೂರು ಎಫ್‌ಸಿ ಎಂಬ ಹೊಸ ತಂಡ ಹುಟ್ಟಿತು. ಸೆಪ್ಟೆಂಬರ್ 22ರಂದು ಬೆಂಗಳೂರಿನಲ್ಲೇ ಮೊದಲ ಲೀಗ್ ಮ್ಯಾಚು, ಎದುರಿಗೆ ಒಂದು ಶತಮಾನಕ್ಕೂ ಹೆಚ್ಚಿನ ಇತಿಹಾಸವಿರುವ ಕೋಲ್ಕತ್ತದ ಮೋಹನ್ ಬಾಗಾನ್. ಎರಡು ತಿಂಗಳ ಕೂಸು ಈ ಅಜ್ಜನ ಮುಂದೆ ನಿಂತೀತೆ ಎಂದು ಕೇಳಿದವರೇ ಹೆಚ್ಚು. ಮ್ಯಾಚು 1-1ರಲ್ಲಿ ಸಮವಾಯಿತು. ಗೆದ್ದದ್ದೂ ಅಲ್ಲ, ಸೋತದ್ದೂ ಅಲ್ಲ. ಆದರೆ ಮರುವರ್ಷ ಏಪ್ರಿಲ್‌ನಲ್ಲಿ, ಸುನಿಲ್ ಛೆಟ್ರಿ ನಾಯಕತ್ವದ ಆ ಕೂಸೇ ಲೀಗ್ ಚಾಂಪಿಯನ್! ಅದೂ ಗೋವೆಗೆ ಹೋಗಿ ಡೆಂಪೊ ತಂಡವನ್ನು ಸೋಲಿಸಿ. (ಜೋಯಿಡಾದ ಹುಡುಗ ಆ ದಿನ ಯಾವ ಕಡೆ ಇದ್ದನೋ!)

ಎದುರು ಪಕ್ಷದವರು ಇದನ್ನೆಲ್ಲ ಸಮಾಧಾನದಿಂದ ಕೇಳಿ ಒಂದೇ ಮಾತು ಹೇಳುತ್ತಾರೆ: "ಅದು ಲೀಗ್ ತಮ್ಮಾ. ಇದು ನಾಕೌಟ್."

ನನ್ನ ತೂಕ ಇವರ ಕಡೆಗೇ. ಲೀಗ್‌ನಲ್ಲಿ ಎಲ್ಲರೂ ಎಲ್ಲರೊಡನೆ ಆಡುತ್ತಾರೆ, ಒಂದು ಸೋತರೆ ಇನ್ನೊಂದರಲ್ಲಿ ತೀರಿಸಿಕೊಳ್ಳಬಹುದು. ಅಂತರ್ ಕಾಲೇಜು ಆಟಗಳು ಹೆಚ್ಚಾಗಿ ನಾಕೌಟ್. ಸೋತವರು ಚೀಲ ಕಟ್ಟಿಕೊಂಡು ಮನೆಗೆ. ಬೆಳಿಗ್ಗೆ ಬಸ್ಸಿನಲ್ಲಿ ಹಾಡುತ್ತ ಹೋದ ತಂಡ ಸಂಜೆಯ ಬಸ್ಸಿಗೆ ಕಿಟಕಿಯಾಚೆ ನೋಡುತ್ತ ಮರಳಬಹುದು. ಆ ವರ್ಷದ ಹಂಗಾಮು ಅಷ್ಟಕ್ಕೇ ಮುಗಿಯಿತು. ಕೊನೆಯ ವರ್ಷದ ಹುಡುಗನಿಗೆ ಅದೇ ಕಾಲೇಜಿನ ಕೊನೆಯ ಆಟ. ಇಂಥ ಪಂದ್ಯಾವಳಿಯಲ್ಲಿ ಎರಡು ಮೂರು ಮ್ಯಾಚು ಉಳಿದರೆ ತಾನೇ ಆಯ್ಕೆ ಮಾಡುವವರ ಕಣ್ಣಿಗೆ ಬೀಳುವುದು? ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದವರನ್ನು 'ಯೂನಿವರ್ಸಿಟಿ ಬ್ಲೂ' ಎನ್ನುತ್ತಾರೆ. ರೈಲ್ವೆ, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾಪಟುಗಳಿಗೆ ಕೆಲಸದ ಅವಕಾಶವಿದೆ. ಕಾಡಿನ ಅಂಚಿನ ಹಳ್ಳಿಯಿಂದ, ಕೊನೆಯ ಬಸ್ಸು ತಪ್ಪಿದರೆ ಕತ್ತಲಲ್ಲಿ ನಡೆದು ಮನೆ ಸೇರುವ ಹುಡುಗನಿಗೆ ಮೊದಲ ಮ್ಯಾಚು ಎಂದರೆ ಇಷ್ಟೆಲ್ಲ.

ಈ ನಾಲ್ಕು ತಾಲ್ಲೂಕುಗಳಲ್ಲಿ ಓಡುವ ಕಾಲುಗಳಿಗೆ ಬರವಿಲ್ಲ. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿಯಾದ ಸಿದ್ದಿ ಜನ ಇಲ್ಲಿನ ಹಳ್ಳಿಗಳಲ್ಲಿದ್ದಾರೆ. ಕನ್ನಡವೋ ಕೊಂಕಣಿಯೋ ಮರಾಠಿಯೋ ಅವರ ಮನೆಮಾತು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಹುಡುಕಿ ಆರಿಸಿ ಓಟ, ಜಿಗಿತಗಳಲ್ಲಿ ತರಬೇತಿ ಕೊಟ್ಟಿತು. ಕೆಲವರು ರಾಷ್ಟ್ರಮಟ್ಟದ ಪದಕ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು, ಮಕ್ಕಳು ಊರಿಗೆ ಮರಳಿದರು. ಈಗಿನ ಅಜ್ಜ ಅಜ್ಜಿಯರಲ್ಲಿ ಆ ಸುದ್ದಿ ನೆನಪಿರುವವರಿದ್ದಾರೆ. ಬೆಂಚಿನ ಮೇಲೆ "ಆ ಸಿದ್ದಿ ಹುಡುಗ ವಿಂಗಿನಾಗ ಓಡಿದ್ರ ಯಾರೂ ಹಿಡಿಯೂದಿಲ್ಲ" ಎಂದು ಯಾರಾದರೂ ಅಂದಾಗ, "ಓಡ್ತಾನಪಾ, ಓಡಾಕ ಬಿಡಬೇಕಲ್ಲ" ಎಂದು ಅವರು ಮೆಲ್ಲಗೆ ಹೇಳುವುದಕ್ಕೆ ಹಿಂದೆ ಈ ಕಥೆಯಿದೆ.

ಅಜ್ಜಂದಿರ ಬಳಿ ಹಳೆಯ ಬತ್ತಳಿಕೆಯೂ ಉಂಟು. ಅಜ್ಜನ ಅಪ್ಪನ ಕಾಲದಲ್ಲಿ, 1937ರಲ್ಲಿ, ಬ್ರಿಟಿಷ್ ಸೇನಾ ತಂಡಗಳದೇ ರಾಜ್ಯಭಾರವಾಗಿದ್ದ ರೋವರ್ಸ್ ಕಪ್ಪನ್ನು ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಮೊದಲ ಮ್ಯಾಚು ಆಡಿದ್ದು ಫ್ರಾನ್ಸ್ ವಿರುದ್ಧ. ನಮ್ಮವರಲ್ಲಿ ಬಹುತೇಕರದು ಬರಿಗಾಲು! ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದರು. ಸಿಕ್ಕ ಎರಡು ಪೆನಾಲ್ಟಿಗಳು ಕೈತಪ್ಪಿ ಭಾರತ 1-2ರಿಂದ ಸೋತಿತು. ಒಲಿಂಪಿಕ್ಸಿನ ಆ ಫುಟ್‌ಬಾಲೂ ನಾಕೌಟ್ ಆಗಿತ್ತು ಎಂಬುದನ್ನು ಎದುರು ಪಕ್ಷದವರು ಮರೆಯದೆ ನೆನಪಿಸುತ್ತಾರೆ. ಸಂತೋಷ್ ಟ್ರೋಫಿಯ ವಿಷಯವಂತೂ ಕೇಳಲೇಬೇಡಿ. ಮೈಸೂರು ರಾಜ್ಯ ಎಂಬ ಹೆಸರಿದ್ದಾಗ ನಾಲ್ಕು ಸಲ ಗೆದ್ದೆವು, ನಾಲ್ಕು ಸಲವೂ ಫೈನಲ್‌ನಲ್ಲಿ ಸೋತದ್ದು ಬಂಗಾಳ. ಆಮೇಲೆ 54 ವರ್ಷ ಕಾದೆವು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಟ್ರೋಫಿ ಹಿಡಿಯಿತು.

ಹಾಗಾದರೆ ಭವಿಷ್ಯ ಹೇಳಲು ಸಾಧ್ಯವೇ? ಮೊಮ್ಮಕ್ಕಳಿಗೆ ಇಷ್ಟವಾಗುವ ಜ್ಯೋತಿಷಿಯೊಬ್ಬನಿದ್ದ. ಹೆಸರು ಪಾಲ್, ಕಾಲು ಎಂಟು. 2010ರಲ್ಲಿ ಜರ್ಮನಿಯ ಒಂದು ಜಲಜೀವಾಲಯದಲ್ಲಿದ್ದ ಈ ಆಕ್ಟೋಪಸ್ ಮುಂದೆ ಎರಡು ಪೆಟ್ಟಿಗೆ ಇಡುತ್ತಿದ್ದರು. ಒಂದೊಂದರ ಮೇಲೆ ಒಂದೊಂದು ದೇಶದ ಬಾವುಟ. ಯಾವ ಪೆಟ್ಟಿಗೆಯ ತಿನಿಸನ್ನು ಮೊದಲು ತಿಂದಿತೋ ಆ ದೇಶಕ್ಕೆ ಜಯ. ಆ ವಿಶ್ವಕಪ್ಪಿನಲ್ಲಿ ಪಾಲ್ ಹೇಳಿದ ಎಂಟಕ್ಕೆ ಎಂಟೂ ನಿಜವಾಯಿತು! ನಾಣ್ಯ ಚಿಮ್ಮಿ ಎಂಟು ಸಲ ಸರಿಯಾಗಿ ಹೇಳುವ ಸಂಭವ 256ರಲ್ಲಿ ಒಂದು. (ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ, ಒಟ್ಟು ಎಂಟು ಎರಡುಗಳು.) ಲೋಕದಲ್ಲಿ ಭವಿಷ್ಯ ಹೇಳುವ ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸಿದರೆ ಯಾವುದೋ ಒಂದು ಹೀಗೆ ಗೆದ್ದೇ ಗೆಲ್ಲುತ್ತದೆ. ತಪ್ಪಿದವುಗಳ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ, ಅಷ್ಟೆ.

ಆಕ್ಟೋಪಸ್‌ಗಿಂತ ನಂಬಬಹುದಾದದ್ದು ಸ್ವಂತ ಮೈದಾನದ ಬಲ. ತವರಿನಲ್ಲಿ ಆಡುವ ತಂಡ ಹೆಚ್ಚು ಗೆಲ್ಲುವುದು ಪ್ರಪಂಚದ ಎಲ್ಲ ಕಡೆ ಕಂಡ ಮಾತು. ಕೊರೊನಾ ಕಾಲದಲ್ಲಿ ಖಾಲಿ ಕ್ರೀಡಾಂಗಣಗಳಲ್ಲಿ ಆಟ ನಡೆದಾಗ ಯುರೋಪಿನ ಲೀಗ್‌ಗಳಲ್ಲಿ ಈ ತವರಿನ ಲಾಭ ಕಡಿಮೆಯಾಯಿತು. ಅಂದರೆ ಗೆರೆಯ ಹೊರಗೆ ನಿಂತು ಕೂಗುವ ನಮ್ಮ ಕಂಠಕ್ಕೂ ಕೆಲಸವಿದೆ. ಚೆಂಡಿನ ಮಾತೂ ಬರಬೇಕು: ನಿಯಮದ ಪ್ರಕಾರ ಅದರ ತೂಕ 410ರಿಂದ 450 ಗ್ರಾಂ. ಹಿಂದಿನ ಚರ್ಮದ ಚೆಂಡು ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು, ತಲೆಯಲ್ಲಿ ಹೊಡೆದವರಿಗೆ ರಾತ್ರಿಯೂ ನೆನಪಾಗುತ್ತಿತ್ತು. ಈಗಿನದು ಹಾಗಲ್ಲ. ಆದರೆ ಕೆಸರು ಕೆಸರೇ. ಒದ್ದೆ ನೆಲದಲ್ಲಿ ಚುರುಕಿನ ಹುಡುಗ ಜಾರುತ್ತಾನೆ, ಭಾರದ ಹುಡುಗ ನಿಲ್ಲುತ್ತಾನೆ.

ನಿಮ್ಮೂರಿನ ಕಾಲೇಜಿನ ಮೊದಲ ಮ್ಯಾಚು ಹತ್ತಿರ ಬಂದಾಗ ಅಜ್ಜನೂ ಮೊಮ್ಮಗಳೂ ಬೇರೆ ಬೇರೆ ಚೀಟಿಯಲ್ಲಿ ಅಂಕ ಬರೆದು ಮಡಚಿಡಿ. ಬರೆಯುವ ಮೊದಲು ಒಂದು ಸಂಜೆ ಮೈದಾನಕ್ಕೆ ಹೋಗಿ ಅಭ್ಯಾಸ ನೋಡಿ ಬನ್ನಿ. ಗೋಲ್‌ಕೀಪರ್ ಹೊಸಬನೇ, ಹಳಬರು ಎಷ್ಟು ಮಂದಿ, ಕೊನೆಯ ಹತ್ತು ನಿಮಿಷ ಯಾರು ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾರೆ, ಹೊಸ ಹುಡುಗನಿಗೆ ಹಳಬರು ಚೆಂಡು ಕೊಡುತ್ತಾರೋ ಇಲ್ಲವೋ, ಎಲ್ಲ ಎಣಿಸಿ. ಸರಿಯಾಗಿ ಹೇಳಿದವರಿಗೆ ಇನ್ನೊಬ್ಬರು ಒಂದು ಪ್ಲೇಟ್ ಮಿರ್ಚಿ ಭಜಿ ಕೊಡಿಸಬೇಕು. ಹಣದ ಪಣ ಬೇಡ. ಮ್ಯಾಚಿನ ದಿನದವರೆಗೆ ಚೀಟಿಗಳು ಅಜ್ಜಿಯ ಎಲೆಡಿಕೆ ಡಬ್ಬಿಯಲ್ಲಿರಲಿ. ಅಲ್ಲಿಗೆ ಇಬ್ಬರ ಕೈಯೂ ಹೋಗುವುದಿಲ್ಲ.